ಚೀಟಿಯೊಳಗಿನ ಒಡಂಬಡಿಕೆ

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಕ್ರೀಡಾ ಸಾಮಗ್ರಿ ಮಳಿಗೆಯಲ್ಲಿ ಎರಡು ಟೀ ಶರ್ಟು, ಒಂದು ರೇನ್‌ಕೋಟು, ಒಂದು ಜೊತೆ ಕಾಲುಚೀಲ ಕೊಂಡೆ. ಬಿಲ್ ಮಾಡುವ ಕಡೆ ಯಾರೂ ಒಂದೊಂದನ್ನೇ ಎತ್ತಿ ಕೆಂಪು ಬೆಳಕಿಗೆ ಹಿಡಿಯಲಿಲ್ಲ. ಎಲ್ಲವನ್ನೂ ಒಂದು ತೊಟ್ಟಿಯಂಥ ಪೆಟ್ಟಿಗೆಗೆ ಹಾಕಿದ್ದೇ ತಡ, ಪಕ್ಕದ ಪರದೆಯ ಮೇಲೆ ನಾಲ್ಕೂ ವಸ್ತುಗಳ ಹೆಸರು, ಅಳತೆ, ಬೆಲೆ ಮೂಡಿದವು. ಮನೆಗೆ ಬಂದು ಶರ್ಟಿನ ಒಳಹೊಲಿಗೆಯಲ್ಲಿದ್ದ ಬಿಳಿ ಚೀಟಿಯನ್ನು ಕತ್ತರಿಸಿ ತೆಗೆದು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಒಳಗೆ ರಂಗೋಲಿಯ ಎಳೆಯಂತೆ ಅಂಕುಡೊಂಕಾಗಿ ಹರಿದ ತೆಳು ಲೋಹದ ಗೆರೆ. ನಡುವೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆ. ಬ್ಯಾಟರಿಯಿಲ್ಲ, ತಂತಿಯಿಲ್ಲ.

ಆ ಚುಕ್ಕೆ ಒಂದು ಚಿಪ್, ಆ ಗೆರೆ ಅದರ ಆಂಟೆನಾ. ಇದಕ್ಕೆ ಆರ್‌ಎಫ್‌ಐಡಿ ಅನ್ನುತ್ತಾರೆ, ರೇಡಿಯೊ ತರಂಗದ ಮೂಲಕ ಗುರುತು ಹಿಡಿಯುವ ಉಪಾಯ. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ಆಮೇಲೆ ಕೆಲವು ತಿಂಗಳು ನನ್ನ ಪಿಎಚ್‌ಡಿ ಕೆಲಸವನ್ನು ಪಕ್ಕಕ್ಕೆ ತಳ್ಳಿ ಓದುವಂತೆ ಮಾಡಿದ್ದು ಬೇರೆಯದೇ ಸಂಗತಿ. ಒಂದು ದೇಶದಲ್ಲಿ ತಯಾರಾದ ಚೀಟಿ, ಇನ್ನೊಂದು ದೇಶದಲ್ಲಿ ಹೊಲಿದ ಬಟ್ಟೆ, ಮತ್ತೊಂದು ಕಂಪನಿಯ ಯಂತ್ರ, ಇವೆಲ್ಲ ಒಂದೇ ಭಾಷೆ ಆಡುವುದು ಹೇಗೆ? ಒಬ್ಬರ ಮುಖ ಒಬ್ಬರು ನೋಡಲಾಗದ ಕಂಪನಿಗಳು ಒಂದು ಮೇಜಿನ ಸುತ್ತ ಕೂತು ಈ ಭಾಷೆಯನ್ನು ಒಪ್ಪಿಕೊಂಡದ್ದು ಯಾವಾಗ, ಯಾಕೆ?

ನನ್ನ ಸಂಶೋಧನೆ ಐಹೊಳೆಯ ಐನೂರ್ವರಂಥ ಹಳೆಯ ವರ್ತಕ ಸಂಘಗಳ ಶಾಸನಗಳ ಮೇಲೆ. ಬೇರೆ ಬೇರೆ ನಾಡಿನ, ಬೇರೆ ಬೇರೆ ಸರಕಿನ ವ್ಯಾಪಾರಿಗಳು ಸೇರಿ, ಒಂದು ಹೇರು ಮೆಣಸಿಗೆ ಇಷ್ಟು, ಒಂದು ಹೇರು ಅಡಕೆಗೆ ಇಷ್ಟು ದೇವರಿಗೆ ಎಂದು ತಾವೇ ಗೊತ್ತುಮಾಡಿ ಕಲ್ಲಿನಲ್ಲಿ ಬರೆಸಿದ ಒಪ್ಪಂದಗಳು ಅವು. ಅಂಥ ಶಾಸನ ಓದುವಾಗ ಕಣ್ಣು ಮೊದಲು ಹುಡುಕುವುದು ಸೇರಿದವರ ಪಟ್ಟಿಯನ್ನು. ಯಾರು ಕೂತಿದ್ದರು? ಕೂಡದವರು ಯಾರು? ಈ ಚೀಟಿಯ ಚರಿತ್ರೆಯನ್ನೂ ಅದೇ ಅಭ್ಯಾಸಬಲದಲ್ಲಿ ಓದಿದ್ದೇನೆ.

ತಂತ್ರ ಹಳೆಯದು. ಬಿಸಿಲಿಗೆ ಕನ್ನಡಿ ಹಿಡಿದು ಎದುರು ಮನೆಯ ಗೋಡೆಯ ಮೇಲೆ ಬೆಳಕು ಕುಣಿಸುವ ಹುಡುಗನ ಬಳಿ ದೀಪವಿರುವುದಿಲ್ಲ, ಬೆಳಕು ಸೂರ್ಯನದು, ಕುಣಿತ ಮಾತ್ರ ಹುಡುಗನದು. ಬ್ಯಾಟರಿಯಿಲ್ಲದ ಟ್ಯಾಗ್ ಮಾಡುವುದೂ ಇದನ್ನೇ. ರೀಡರ್ ಕಳಿಸಿದ ರೇಡಿಯೊ ಅಲೆಯಿಂದಲೇ ಒಂದಿಷ್ಟು ಶಕ್ತಿ ಹೀರಿ ಎಚ್ಚರವಾಗಿ, ಅದೇ ಅಲೆಯನ್ನು ಒಂದು ಲಯದಲ್ಲಿ ಹಿಂದಕ್ಕೆ ಪ್ರತಿಫಲಿಸುತ್ತದೆ. ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ 1948ರಲ್ಲೇ ಪ್ರತಿಫಲಿತ ಶಕ್ತಿಯ ಮೂಲಕ ಸಂವಹನ ಎಂಬ ವಿಷಯದ ಮೇಲೆ ಪ್ರಬಂಧ ಪ್ರಕಟಿಸಿದ್ದ. ಅದಕ್ಕೂ ಮೂರು ವರ್ಷ ಮುಂಚೆ, ಮಾಸ್ಕೋದಲ್ಲಿ ಸೋವಿಯತ್ ಮಕ್ಕಳು ಅಮೆರಿಕದ ರಾಯಭಾರಿಗೆ ಕಾಣಿಕೆಯಾಗಿ ಕೊಟ್ಟ ಮರದ ರಾಜಲಾಂಛನದೊಳಗೆ ಲಿಯೊನ್ ಥೆರೆಮಿನ್ ಇದೇ ತತ್ವದ ಕದ್ದಾಲಿಸುವ ಸಾಧನವನ್ನು ಅಡಗಿಸಿದ್ದ. ಅದು ಏಳು ವರ್ಷ ರಾಯಭಾರಿಯ ಗೋಡೆಯ ಮೇಲೆ ತೂಗಿತು. ಪ್ರತಿಫಲನದಿಂದ ಮಾತಾಡುವ ಉಪಕರಣದ ಕುಲದಲ್ಲಿ ಹೀಗೊಬ್ಬ ಗೂಢಚಾರ ಪೂರ್ವಜನಿದ್ದಾನೆ ಎಂಬುದನ್ನು ಮರೆಯಬಾರದು.

ಆದರೆ ಉಪಾಯ ತಿಳಿದಿರುವುದು ಬೇರೆ, ಎಲ್ಲರೂ ಅದನ್ನೇ ಬಳಸುವುದು ಬೇರೆ. ಈ ಎರಡರ ನಡುವಿನ ದೂರ ಎಷ್ಟೆಂದು ಅಮೆರಿಕದ ರೈಲುಗಳು ಚೆನ್ನಾಗಿ ತೋರಿಸುತ್ತವೆ. ಅಲ್ಲಿ ರೈಲು ಕಂಪನಿಗಳು ಅನೇಕ. ಒಂದು ಕಂಪನಿಯ ವ್ಯಾಗನ್ ಇನ್ನೊಂದರ ಹಳಿಯ ಮೇಲೆ ಸಾವಿರಾರು ಮೈಲಿ ಓಡುತ್ತದೆ, ಎಲ್ಲಿದೆ ಎಂದು ಒಡೆಯನಿಗೇ ಗೊತ್ತಿರುವುದಿಲ್ಲ. ತನ್ನ ವ್ಯಾಗನ್‌ಗೆ ತಾನೊಬ್ಬನೇ ಗುರುತು ಹಚ್ಚಿದರೆ ಪ್ರಯೋಜನವಿಲ್ಲ, ಪರರ ಹಳಿಯ ಪಕ್ಕದಲ್ಲಿ ಅದನ್ನು ಓದುವ ಕಣ್ಣು ಇರಬೇಕು. ಹಾಗಾಗಿ ಸಂಘವೇ ನಿರ್ಧರಿಸಬೇಕಾಯಿತು. 1967ರಲ್ಲಿ ಅಮೆರಿಕದ ರೈಲುಮಾರ್ಗಗಳ ಸಂಘ ಕಾರ್‌ಟ್ರ್ಯಾಕ್ ಎಂಬ ವ್ಯವಸ್ಥೆಯನ್ನು ಆರಿಸಿತು: ವ್ಯಾಗನ್ನಿನ ಪಕ್ಕಕ್ಕೆ ಬಣ್ಣದ ಅಡ್ಡಪಟ್ಟಿಗಳು, ಹಳಿಯ ಬದಿಯಲ್ಲಿ ಅವನ್ನು ಬೆಳಕು ಬಿಟ್ಟು ಓದುವ ಯಂತ್ರ. ಒಪ್ಪಂದ ಭೇಷಾಗಿತ್ತು, ಧೂಳು ಅದಕ್ಕೆ ಸಹಿ ಹಾಕಿರಲಿಲ್ಲ. ಕಲ್ಲಿದ್ದಲ ಮಸಿ, ಕೆಸರು, ಹಿಮ ಮೆತ್ತಿ ಪಟ್ಟಿಗಳು ಕಾಣದಾದವು, ತೊಳೆದಿಡುವ ಖರ್ಚು ಯಾರಿಗೂ ಬೇಡವಾಯಿತು. 1977ರ ಹೊತ್ತಿಗೆ ಯೋಜನೆಯನ್ನೇ ಕೈಬಿಟ್ಟರು.

ಅದೇ ಕಾಲದಲ್ಲಿ ನ್ಯೂ ಮೆಕ್ಸಿಕೊದ ಲಾಸ್ ಅಲಮಾಸ್ ಪ್ರಯೋಗಾಲಯದಲ್ಲಿ, ಅಣುಬಾಂಬ್ ತಯಾರಾದ ಅದೇ ಜಾಗದಲ್ಲಿ, ಕೃಷಿ ಇಲಾಖೆಯ ಕೋರಿಕೆಯ ಮೇರೆಗೆ ಹಸುಗಳಿಗೆ ರೇಡಿಯೊ ಗುರುತು ಹಾಕುವ ಕೆಲಸ ನಡೆದಿತ್ತು. ಆ ಕೆಲಸದಿಂದ ಹೊರಬಂದವರ ಕಂಪನಿ ಆಮ್‌ಟೆಕ್. ಅದರ ಟ್ಯಾಗ್ ಮಸಿಗೆ ಹೆದರಲಿಲ್ಲ. 1991ರಲ್ಲಿ ರೈಲು ಸಂಘ ಅದನ್ನು ಕಡ್ಡಾಯ ಮಾಡಿತು, ಮೂರ್ನಾಲ್ಕು ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ವ್ಯಾಗನ್‌ಗಳಿಗೆ ಟ್ಯಾಗ್ ಬಿತ್ತು. ಆದರೆ ಲಕ್ಷಾಂತರ ರೂಪಾಯಿಯ ವ್ಯಾಗನ್‌ಗೆ ಒಂದು ಟ್ಯಾಗ್ ಹೊರೆಯಲ್ಲ. ಒಂದು ಡಾಲರಿನ ಸಾಬೂನಿಗೆ?

ಸಾಬೂನಿನ ಲೋಕದಲ್ಲಿ ಆಗಲೇ ಇನ್ನೊಂದು ಒಡಂಬಡಿಕೆ ಆಗಿಹೋಗಿತ್ತು. 1970ರಲ್ಲಿ ಅಮೆರಿಕದ ದಿನಸಿ ತಯಾರಕರೂ ಅಂಗಡಿಯವರೂ ಸೇರಿ ಒಂದು ಸಮಿತಿ ಮಾಡಿಕೊಂಡರು. 1973ರ ಏಪ್ರಿಲ್ 3ರಂದು ಅವರು ಒಪ್ಪಿದ ಪಟ್ಟಿಯೇ ನಾವೆಲ್ಲ ನೋಡುವ ಬಾರ್‌ಕೋಡ್. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ 67 ಸೆಂಟಿನ ಚ್ಯೂಯಿಂಗ್ ಗಮ್ ಪೊಟ್ಟಣ ಮೊದಲು ಸ್ಕ್ಯಾನ್ ಆಯಿತು. ಯುರೋಪು 1977ರಲ್ಲಿ ತನ್ನದೇ ಸಂಘ ಕಟ್ಟಿಕೊಂಡಿತು. ನಮ್ಮ ಬಿಸ್ಕತ್ತು ಪೊಟ್ಟಣದ ಮೇಲೆ 890 ಎಂದು ಶುರುವಾಗುವ ಸಂಖ್ಯೆ ಆ ಪರಂಪರೆಯದೇ. 890 ಭಾರತದ ಸಂಘದ ಪಾಲಿಗೆ ಬಂದ ಅಂಕೆ.

ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಈ ಬಾರ್‌ಕೋಡ್ ಜಾತಿಯನ್ನು ಹೇಳುತ್ತದೆ, ವ್ಯಕ್ತಿಯನ್ನು ಹೇಳುವುದಿಲ್ಲ. ಒಂದೇ ಬಗೆಯ, ಒಂದೇ ತೂಕದ ಸಾಬೂನು ಕೋಟಿ ಇದ್ದರೂ ಎಲ್ಲದರ ಸಂಖ್ಯೆ ಒಂದೇ. ನನ್ನ ಬಚ್ಚಲಿನ ಸಾಬೂನಿಗೂ ನಿಮ್ಮದಕ್ಕೂ ಅದು ಭೇದ ಎಣಿಸದು. ಮುಂದಿನ ಕಥೆಯೆಲ್ಲ ಜಾತಿಯಿಂದ ವ್ಯಕ್ತಿಗೆ ಇಳಿದ ಕಥೆ.

1990ರ ದಶಕದ ಕೊನೆಗೆ ಕೆವಿನ್ ಆಷ್ಟನ್ ಎಂಬ ಯುವಕ ಇಂಗ್ಲೆಂಡಿನಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಸೌಂದರ್ಯಸಾಧನಗಳ ಮಾರಾಟ ನೋಡಿಕೊಳ್ಳುತ್ತಿದ್ದ. ಒಂದು ಕಂದು ಬಣ್ಣದ ಲಿಪ್‌ಸ್ಟಿಕ್ ತಾನು ಹೋದ ಅಂಗಡಿಯಲ್ಲಿ ಯಾವಾಗಲೂ ಖಾಲಿ. ಉಗ್ರಾಣದಲ್ಲಿ ಕೇಳಿದರೆ ಬೇಕಾದಷ್ಟಿದೆ. ಉಗ್ರಾಣಕ್ಕೂ ಕಪಾಟಿಗೂ ನಡುವೆ ಎಲ್ಲೋ ಸರಕು ಕಾಣದಾಗುತ್ತಿತ್ತು, ಕಂಪ್ಯೂಟರಿಗೆ ಅದು ಗೊತ್ತಾಗುತ್ತಿರಲಿಲ್ಲ. ಅತ್ತ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಬ್ರಾಕ್ ಮತ್ತು ಐಐಟಿ ಕಾನ್ಪುರದಲ್ಲಿ ಓದಿದ್ದ ಸಂಜಯ್ ಶರ್ಮ ಬೇರೆ ತಾಪತ್ರಯದಲ್ಲಿದ್ದರು. ಎದುರಿಗಿರುವ ವಸ್ತು ಏನೆಂದು ರೋಬೋಗೆ ನೋಡಿ ತಿಳಿಯುವುದನ್ನು ಕಲಿಸುವುದು ಕಡುಕಷ್ಟ. ಅದರ ಬದಲು ವಸ್ತುವೇ ತನ್ನ ಗುರುತು ಹೇಳಿಕೊಂಡರೆ? ಲಿಪ್‌ಸ್ಟಿಕ್ಕಿನ ಚಿಂತೆಯೂ ರೋಬೋವಿನ ಚಿಂತೆಯೂ ಕೂಡಿದ ಜಾಗ 1999ರಲ್ಲಿ ಎಂಐಟಿಯಲ್ಲಿ ಶುರುವಾದ ಆಟೊ-ಐಡಿ ಸೆಂಟರ್. ದುಡ್ಡು ಕೊಟ್ಟವರು ಪ್ರಾಕ್ಟರ್ ಅಂಡ್ ಗ್ಯಾಂಬಲ್, ಬ್ಲೇಡಿನ ಜಿಲೆಟ್, ಮತ್ತು ಬಾರ್‌ಕೋಡ್ ಸಂಖ್ಯೆ ಹಂಚುವ ಅಮೆರಿಕ, ಯುರೋಪಿನ ಎರಡು ಸಂಘಗಳು. ಆಷ್ಟನ್ ಅದರ ಕಾರ್ಯನಿರ್ವಾಹಕನಾದ. ಇವತ್ತು ಎಲ್ಲರ ಬಾಯಲ್ಲಿರುವ ‘ಇಂಟರ್‌ನೆಟ್ ಆಫ್ ಥಿಂಗ್ಸ್’ ಅದೇ ವರ್ಷ ಅವನು ತನ್ನ ಕಂಪನಿಯವರೆದುರು ಮಾಡಿದ ಭಾಷಣಕ್ಕೆ ಇಟ್ಟ ತಲೆಬರಹ.

ಆ ಕೇಂದ್ರದ ಮುಂದಿದ್ದದ್ದು ಮೊಟ್ಟೆ ಮೊದಲೋ ಕೋಳಿ ಮೊದಲೋ ಎಂಬ ಪ್ರಶ್ನೆ. ಕೋಟಿಗಟ್ಟಲೆ ಟ್ಯಾಗ್ ಕೊಳ್ಳುವವರಿದ್ದರೆ ಬೆಲೆ ಇಳಿಯುತ್ತದೆ, ಬೆಲೆ ಇಳಿದರೆ ಮಾತ್ರ ಕೋಟಿಗಟ್ಟಲೆ ಕೊಳ್ಳುವವರು ಸಿಗುತ್ತಾರೆ. ಒಂದು ಟ್ಯಾಗಿಗೆ 5 ಸೆಂಟು ಎಂದು ಅವರು ಗುರಿ ಹಾಕಿಕೊಂಡರು. ಒಂದೇ ಕಂಪನಿ, ಅದು ಎಷ್ಟೇ ದೊಡ್ಡದಿರಲಿ, ಆ ಗುರಿ ಮುಟ್ಟಲಾರದು. ಪ್ರತಿಸ್ಪರ್ಧಿಗಳೂ ಅದೇ ಚೀಟಿ ಕೊಳ್ಳಬೇಕು. ಹಾಗಾಗಿಯೇ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದ್ದ ಮೇಜಿಗೆ ಅದರ ಹುಟ್ಟುವೈರಿ ಯುನಿಲಿವರ್ ಬಂತು, ವಾಲ್‌ಮಾರ್ಟ್ ಇದ್ದ ಕಡೆ ಟಾರ್ಗೆಟ್ ಬಂತು, ಟೆಸ್ಕೊ, ಮೆಟ್ರೊ ಬಂದವು, ಕೊನೆಗೆ ಅಮೆರಿಕದ ರಕ್ಷಣಾ ಇಲಾಖೆಯೂ ಬಂತು. ನಾಲ್ಕು ವರ್ಷದಲ್ಲಿ ಸದಸ್ಯರ ಸಂಖ್ಯೆ 100 ದಾಟಿತು. ಇದನ್ನು ಔದಾರ್ಯ ಎಂದು ನಾನು ಓದುವುದಿಲ್ಲ. ಹಳ್ಳ ದಾಟುವವರೆಗೆ ಒಂದೇ ದೋಣಿ, ದಡ ಮುಟ್ಟಿದ ಮೇಲೆ ದಾರಿ ಬೇರೆ.

ಬೆಲೆ ಇಳಿಸಲು ಅವರು ಮಾಡಿದ ಇನ್ನೊಂದು ನಿರ್ಧಾರ ನನಗೆ ಈ ಇಡೀ ಚರಿತ್ರೆಯಲ್ಲೇ ಮುಖ್ಯವಾದದ್ದಾಗಿ ಕಾಣುತ್ತದೆ. ಅಲ್ಲಿಯವರೆಗೆ ಟ್ಯಾಗ್ ಮಾಡುವವರು ಅದರೊಳಗೆ ಹೆಚ್ಚು ಹೆಚ್ಚು ವಿವರ ತುಂಬಲು ನೋಡುತ್ತಿದ್ದರು. ಶರ್ಮ ಮತ್ತು ಅವರ ಜೊತೆಗಾರರು ಅದನ್ನು ತಿರುಗುಮುರುಗು ಮಾಡಿದರು. ಚೀಟಿಯಲ್ಲಿ ಒಂದು ಸಂಖ್ಯೆ ಮಾತ್ರ ಇರಲಿ, ಉಳಿದ ತಿಳಿವಳಿಕೆಯೆಲ್ಲ ಎಲ್ಲೋ ದೂರದ ಖಾತೆಪುಸ್ತಕದಲ್ಲಿರಲಿ. ಚೀಟಿ ಎಷ್ಟು ದಡ್ಡವಾದರೆ ಅಷ್ಟು ಅಗ್ಗ. ಅವರು ರೂಪಿಸಿದ 96 ಬಿಟ್‌ಗಳ ಒಂದು ವಿನ್ಯಾಸದಲ್ಲಿ 28 ಬಿಟ್ ಕಂಪನಿಗೆ, 24 ಬಿಟ್ ಸರಕಿನ ಬಗೆಗೆ, 36 ಬಿಟ್ ಆ ಒಂದು ಬಿಡಿ ವಸ್ತುವಿಗೆ. ಲೆಕ್ಕ ಹಾಕಿದರೆ 26 ಕೋಟಿಗೂ ಹೆಚ್ಚು ಕಂಪನಿಗಳು, ಒಂದೊಂದಕ್ಕೂ ಒಂದೂವರೆ ಕೋಟಿಗೂ ಮೀರಿದ ಬಗೆಗಳು, ಒಂದೊಂದು ಬಗೆಯಲ್ಲೂ ಆರು ಸಾವಿರದ ಎಂಟು ನೂರು ಕೋಟಿಗೂ ಹೆಚ್ಚು ಬಿಡಿ ವಸ್ತುಗಳು. ಈ ಸಂಖ್ಯೆಯಿದ್ದರೆ ಕೋಟಿ ಸಾಬೂನಿನ ನಡುವೆ ನನ್ನದನ್ನೂ ಹೆಸರಿಟ್ಟು ಕರೆಯಬಹುದು.

2001ರಲ್ಲಿ ಮಿಸೌರಿಯ ಕಾರ್ಖಾನೆಯಿಂದ ಓಕ್ಲಹೋಮದ ಟಲ್ಸಾ ಊರಿನ ಮಳಿಗೆಗೆ ಕಾಗದದ ಟವೆಲುಗಳ ಹೊರೆಗಳನ್ನು ಹೀಗೆ ಗುರುತು ಹಚ್ಚಿ ಕಳಿಸಿ ನೋಡಿದರು. ದಾರಿಯುದ್ದಕ್ಕೂ ಹೊರೆಗಳು ಕಂಡವು. ಎಲ್ಲರಿಗೂ ಹುಮ್ಮಸ್ಸು ಬಂತು. 2003ರ ಹೊಸ್ತಿಲಲ್ಲಿ ಜಿಲೆಟ್ ಏಲಿಯನ್ ಟೆಕ್ನಾಲಜಿ ಎಂಬ ಕಂಪನಿಯಿಂದ 50 ಕೋಟಿಯವರೆಗೆ ಟ್ಯಾಗ್ ಕೊಳ್ಳುವುದಾಗಿ ಸಾರಿತು. ಆ ಜೂನ್‌ನಲ್ಲಿ ವಾಲ್‌ಮಾರ್ಟ್ ತನ್ನ 100 ದೊಡ್ಡ ಪೂರೈಕೆದಾರರಿಗೆ ಹೇಳಿತು: 2005ರ ಜನವರಿಯಿಂದ ನಿಮ್ಮ ಪೆಟ್ಟಿಗೆ, ಹೊರೆಗಳ ಮೇಲೆ ಟ್ಯಾಗ್ ಇರಬೇಕು. ಸಹಕಾರ ಅನ್ನುವ ಪದ ಎಲ್ಲಿ ಮುಗಿದು ಅಪ್ಪಣೆ ಎಲ್ಲಿ ಶುರುವಾಗುತ್ತದೆ ಎಂದು ಕೇಳಿದರೆ ನಾನು ಈ ದಿನಾಂಕವನ್ನು ತೋರಿಸುತ್ತೇನೆ.

ಅಷ್ಟರಲ್ಲಿ ಮೇಜಿಗೆ ಕರೆಯದೇ ಇದ್ದವರು ಬಾಗಿಲು ಬಡಿದರು.

2003ರ ಮಾರ್ಚಿನಲ್ಲಿ ಬೆನೆಟನ್ ಬಟ್ಟೆಗಳಲ್ಲಿ ಇಂಥ ಟ್ಯಾಗ್ ಬರಲಿದೆ ಎಂಬ ಸುದ್ದಿ ಹೊರಬಿತ್ತು. ಕ್ಯಾಥರಿನ್ ಆಲ್ಬ್ರೆಕ್ಟ್ ಎಂಬ ಮಹಿಳೆ ಕಟ್ಟಿದ ಕ್ಯಾಸ್ಪಿಯನ್ ಎಂಬ ಗ್ರಾಹಕರ ಗುಂಪು ಬಹಿಷ್ಕಾರಕ್ಕೆ ಕರೆಕೊಟ್ಟಿತು. ಆ ಬಟ್ಟೆ ಉಡುವುದಕ್ಕಿಂತ ಬೆತ್ತಲೆಯೇ ಲೇಸು ಎಂಬ ಅರ್ಥದ ಘೋಷಣೆ ಪತ್ರಿಕೆಗಳಿಗೆ ಹಬ್ಬವಾಯಿತು. ಕೆಲವೇ ವಾರಗಳಲ್ಲಿ ಕಂಪನಿ ತಾನಿನ್ನೂ ಏನನ್ನೂ ತೀರ್ಮಾನಿಸಿಲ್ಲ ಎಂದಿತು. ಬೇಸಿಗೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಒಂದು ಟೆಸ್ಕೊ ಅಂಗಡಿಯಲ್ಲಿ ನಡೆದಿದ್ದ ಪ್ರಯೋಗ ಬಯಲಾಯಿತು. ಕಪಾಟಿನಿಂದ ಜಿಲೆಟ್ ಬ್ಲೇಡಿನ ಪೊಟ್ಟಣ ಎತ್ತಿದೊಡನೆ ಟ್ಯಾಗ್ ಕ್ಯಾಮೆರಾಕ್ಕೆ ಸುಳಿವು ಕೊಡುತ್ತಿತ್ತು, ಎತ್ತಿದವರ ಫೋಟೊ ಬೀಳುತ್ತಿತ್ತು. ಅದೇ ಜುಲೈನಲ್ಲಿ ಆಲ್ಬ್ರೆಕ್ಟ್ ಅವರ ಗುಂಪು ಆಟೊ-ಐಡಿ ಸೆಂಟರಿನ ಸ್ವಂತ ಜಾಲತಾಣದ ಹುಡುಕುಪಟ್ಟಿಯಲ್ಲಿ ‘ಗೋಪ್ಯ’ ಎಂಬರ್ಥದ ಇಂಗ್ಲಿಷ್ ಪದ ಟೈಪ್ ಮಾಡಿತು. ಜನರ ಆತಂಕವನ್ನು ಹೇಗೆ ಶಮನಗೊಳಿಸಬೇಕು ಎಂದು ಚರ್ಚಿಸುವ ಕಡತಗಳೆಲ್ಲ ಸಾಲಾಗಿ ತೆರೆದುಕೊಂಡವು! ಜಗತ್ತಿನ ಪ್ರತಿ ವಸ್ತುವಿನ ಜಾಡು ಹಿಡಿಯಹೊರಟವರಿಗೆ ತಮ್ಮ ಕಡತದ ಬಾಗಿಲು ಹಾಕಲು ಮರೆತಿತ್ತು.

ಜರ್ಮನಿಯ ಪ್ರಕರಣ ಇನ್ನೂ ಸೂಕ್ಷ್ಮ. ರೈನ್‌ಬರ್ಗ್ ಎಂಬ ಊರಿನಲ್ಲಿ ಮೆಟ್ರೊ ಕಂಪನಿ 2003ರಲ್ಲಿ ‘ಭವಿಷ್ಯದ ಅಂಗಡಿ’ ತೆರೆದಿತ್ತು. ಮರುವರ್ಷ ಅಲ್ಲಿಯ ಗ್ರಾಹಕರಿಗೆ ಕೊಟ್ಟ ಸದಸ್ಯತ್ವ ಕಾರ್ಡಿನಲ್ಲೇ ಹೇಳದೆ ಚಿಪ್ ಇಟ್ಟಿದ್ದಾರೆ ಎಂದು ಹೋರಾಟಗಾರರು ಪತ್ತೆ ಮಾಡಿದರು. ಟ್ಯಾಗ್ ಅಳಿಸುತ್ತೇವೆ ಎಂದು ಹೊರಬಾಗಿಲಲ್ಲಿ ಇಟ್ಟಿದ್ದ ಯಂತ್ರ ಸರಕಿನ ಸಂಖ್ಯೆಯನ್ನೇನೋ ಅಳಿಸುತ್ತಿತ್ತು, ಚಿಪ್ಪಿನ ಹುಟ್ಟುಸಂಖ್ಯೆ ಹಾಗೇ ಉಳಿಯುತ್ತಿತ್ತು. ಮೆಟ್ರೊ ಆ ಕಾರ್ಡುಗಳನ್ನು ಹಿಂದಕ್ಕೆ ಪಡೆಯಿತು.

ಭಯ ಅತಿಯಾಗಿತ್ತೇ? ಹೌದು, ಕೆಲವು ಕಡೆ. ಈ ಟ್ಯಾಗ್ ಉಪಗ್ರಹಕ್ಕೆ ಕೇಳಿಸುವುದಿಲ್ಲ, ಕೆಲವು ಮೀಟರ್ ದಾಟಿದರೆ ರೀಡರ್‌ಗೂ ಕೇಳಿಸುವುದಿಲ್ಲ, ಮೈಯ ನೀರಿನ ಅಂಶವೇ ಅದರ ಬಾಯಿ ಮುಚ್ಚಿಸುತ್ತದೆ. ಆದರೆ ಆಲ್ಬ್ರೆಕ್ಟ್ ಕೇಳಿದ ಮೂಲ ಪ್ರಶ್ನೆ ತಪ್ಪಾಗಿರಲಿಲ್ಲ. ಕೊಂಡವನದಾದ ಮೇಲೂ ವಸ್ತು ಮಾರಿದವನಿಗೇ ಓಗೊಡುತ್ತಿದ್ದರೆ ಅದು ಯಾರದು?

2003ರ ಅಕ್ಟೋಬರಿನಲ್ಲಿ ಆಟೊ-ಐಡಿ ಸೆಂಟರ್ ಮುಚ್ಚಿತು. ಕೆಲಸ ಬಾರ್‌ಕೋಡ್ ಸಂಘಗಳೇ ಹುಟ್ಟುಹಾಕಿದ ಇಪಿಸಿಗ್ಲೋಬಲ್ ಎಂಬ ಸಂಸ್ಥೆಯ ಕೈಗೆ ಹೋಯಿತು. ಅಲ್ಲಿ ಎದುರಾದದ್ದು ಮನೆಯೊಳಗಿನ ಜಗಳ. ಏಲಿಯನ್ ಕಂಪನಿಯ ಟ್ಯಾಗ್ ಒಂದು ಬಗೆ, ಮೇಟ್ರಿಕ್ಸ್ ಕಂಪನಿಯದು ಇನ್ನೊಂದು ಬಗೆ, ಒಂದರ ರೀಡರ್‌ಗೆ ಇನ್ನೊಂದು ಕಿವುಡು. ಅಂತರರಾಷ್ಟ್ರೀಯ ಮಾನದಂಡಗಳ ಸಂಸ್ಥೆ ಐಎಸ್‌ಒ ತನ್ನ ಲೆಕ್ಕದಲ್ಲಿ ಬೇರೆ ಎರಡು ಬಗೆಗಳನ್ನು ಮಾನ್ಯ ಮಾಡಿತ್ತು. ರೇಡಿಯೊ ತರಂಗಗಳಿಗೂ ದೇಶಕ್ಕೊಂದು ಕಾನೂನು: ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್, ಯುರೋಪಿನಲ್ಲಿ 865ರಿಂದ 868. ನಾವು ಕನ್ನಡದಲ್ಲಿ ಸುಲಭವಾಗಿ ಬಳಸುವ ‘ಮಾನದಂಡ’ ಎಂಬ ಪದದ ಮೂಲ ಅರ್ಥ ಅಳತೆಗೋಲು. ಊರಿಗೊಂದು ಕೋಲು ಇದ್ದ ಕಾಲವನ್ನು ಶಾಸನಗಳಲ್ಲಿ ಓದಿದವರಿಗೆ ಈ ಗೋಜಲು ಹೊಸದೆನಿಸುವುದಿಲ್ಲ.

2004ರ ಡಿಸೆಂಬರಿನಲ್ಲಿ ಕೊನೆಗೂ ಒಪ್ಪಿಗೆಯಾದ ಮಾನದಂಡಕ್ಕೆ ‘ಜೆನ್ 2’ ಎಂದು ಹೆಸರು, ಎರಡನೇ ತಲೆಮಾರು. ಒಂದೇ ಟ್ಯಾಗ್ 860ರಿಂದ 960 ಮೆಗಾಹರ್ಟ್ಸ್‌ವರೆಗೆ ಎಲ್ಲಿ ಕೂಗಿದರೂ ಓಗೊಡಬೇಕು ಎಂದು ಅದು ದೇಶಗಳ ಜಗಳವನ್ನು ಬಗೆಹರಿಸಿತು. ಅದರ ದಾಖಲೆಯನ್ನು ಓದಿದಾಗ ನನಗೆ ಅತ್ಯಂತ ಇಷ್ಟವಾದದ್ದು ಎಲ್ಲರೂ ಒಟ್ಟಿಗೆ ಮಾತಾಡದಂತೆ ಮಾಡಿದ ಏರ್ಪಾಡು. ಒಂದು ಪೆಟ್ಟಿಗೆಯಲ್ಲಿ 200 ಶರ್ಟು ಇದ್ದರೆ ರೀಡರ್ ಕೂಗಿದ ಕೂಡಲೇ 200 ಚೀಟಿಗಳೂ ಒಟ್ಟಿಗೆ ಹೆಸರು ಹೇಳಿದರೆ ಸಂತೆಯ ಗದ್ದಲವೇ ಸರಿ. ಹಾಗಾಗಿ ರೀಡರ್ ಮೊದಲು ಒಂದು ಮಿತಿ ಹೇಳುತ್ತದೆ. ಪ್ರತಿ ಚೀಟಿ ಆ ಮಿತಿಯೊಳಗೆ ತನಗೆ ತೋಚಿದ ಒಂದು ಅಂಕಿ ಹಿಡಿದುಕೊಳ್ಳುತ್ತದೆ. ರೀಡರ್ ಒಂದೊಂದು ಸನ್ನೆ ಮಾಡಿದಾಗಲೂ ಅಂಕಿ ಒಂದೊಂದು ಇಳಿಯುತ್ತದೆ. ಸೊನ್ನೆಗೆ ಬಂದ ಚೀಟಿ ಮಾತ್ರ ಬಾಯಿ ತೆರೆಯಬೇಕು. ಅದೂ ನಿಜವಾದ ಹೆಸರನ್ನಲ್ಲ, ಆ ಗಳಿಗೆಗೆ ತೋಚಿದ ಇನ್ನೊಂದು ಸಂಖ್ಯೆಯನ್ನು. ರೀಡರ್ ಅದನ್ನೇ ಮರಳಿ ಹೇಳಿದರೆ, ನನ್ನನ್ನೇ ಕೇಳುತ್ತಿದ್ದಾರೆ ಎಂದು ಖಾತ್ರಿಯಾಗಿ ಚೀಟಿ ತನ್ನ ಹೆಸರು ಹೇಳುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿಬಿಟ್ಟರೆ ಮತ್ತೊಂದು ಸುತ್ತು. ಈ ಸಭಾಮರ್ಯಾದೆಯ ಮೂಲ ಹವಾಯಿ ದ್ವೀಪಗಳಲ್ಲಿದೆ. ದ್ವೀಪಗಳ ಕಂಪ್ಯೂಟರುಗಳನ್ನು ಒಂದೇ ರೇಡಿಯೊ ಹಾದಿಯಲ್ಲಿ ಜೋಡಿಸಲು ನಾರ್ಮನ್ ಅಬ್ರಾಮ್ಸನ್ 1971ರಲ್ಲಿ ನಡೆಸಿದ ಜಾಲದ ಹೆಸರು ಅಲೋಹ.

ಇದೇ ದಾಖಲೆಯಲ್ಲಿ ‘ಕಿಲ್’ ಎಂಬ ಒಂದು ಆದೇಶವಿದೆ, ಕೊಲ್ಲು. ಸರಿಯಾದ ಗುಪ್ತಸಂಖ್ಯೆಯ ಜೊತೆ ರೀಡರ್ ಈ ಆದೇಶ ಕೊಟ್ಟರೆ ಚೀಟಿ ಶಾಶ್ವತವಾಗಿ ಮೂಕವಾಗುತ್ತದೆ. ಈ ಯೋಚನೆ ಎಂಐಟಿಯವರಲ್ಲಿ ಗದ್ದಲಕ್ಕೆ ಮುಂಚೆಯೇ ಇತ್ತು. ಆದರೆ ಏಲಿಯನ್ನಿನ ಹಳೆಯ ಬಗೆಯಲ್ಲಿ ಗುಪ್ತಸಂಖ್ಯೆ 8 ಬಿಟ್ಟಿನದು, 256 ಸಲ ಪ್ರಯತ್ನಿಸಿದರೆ ಯಾರು ಬೇಕಾದರೂ ಕೊಲ್ಲಬಹುದಿತ್ತು. ಜೆನ್ 2ರಲ್ಲಿ ಅದು 32 ಬಿಟ್ ಆಯಿತು. ಹೊರಗೆ ನಿಂತು ಕೂಗಿದ ಗ್ರಾಹಕರು ಆ ಶಾಸನದಲ್ಲಿ ಬಿಟ್ಟುಹೋದ ಗುರುತು ಎಂದು ನಾನು ಈ ಆದೇಶವನ್ನು ಓದುತ್ತೇನೆ. ಮೇಜಿನಲ್ಲಿ ಕೂತ ಯಾವ ಕಂಪನಿಗೂ ತನ್ನ ಚೀಟಿ ಸಾಯಬೇಕು ಎಂಬ ಅಗತ್ಯ ಇರಲಿಲ್ಲ.

ಒಪ್ಪಂದದ ಮಸಿ ಆರುವ ಮುನ್ನವೇ ಪೇಟೆಂಟಿನ ಕಥೆ ಶುರುವಾಗಿತ್ತು. ಆ ಲಾಸ್ ಅಲಮಾಸ್ ಹಸುಗಳ ವಂಶದ ಆಮ್‌ಟೆಕ್, ಜೊತೆಗೆ ಐಬಿಎಂ ಮಾರಿದ ಪೇಟೆಂಟುಗಳು, ಎರಡೂ ಇಂಟರ್‌ಮೆಕ್ ಎಂಬ ಕಂಪನಿಯ ಬಳಗಕ್ಕೆ ಸೇರಿದ್ದವು. ಮಾನದಂಡ ಉಚಿತವಾಗಿರಬೇಕು ಎಂದು ಉಳಿದವರು, ನಮ್ಮ ಹಕ್ಕಿಗೆ ಬೆಲೆ ಕೊಡಿ ಎಂದು ಇಂಟರ್‌ಮೆಕ್. 2004ರಲ್ಲಿ ಅದು ಮೇಟ್ರಿಕ್ಸ್ ಮೇಲೆ ದಾವೆ ಹೂಡಿತು. ಮೇಟ್ರಿಕ್ಸನ್ನು ಸಿಂಬಲ್ ಎಂಬ ಕಂಪನಿ ಕೊಂಡಿತು, 2005ರಲ್ಲಿ ರಾಜಿಯಾಯಿತು. ಇದರ ಒಳಸುಳಿಗಳು ವಕೀಲರಿಗೆ ಮಾತ್ರ ರುಚಿಸುವಂಥವು. ಬಾರ್‌ಕೋಡ್ ಸಂಘಗಳು 2005ರಲ್ಲಿ ಜಿಎಸ್1 ಎಂಬ ಒಂದೇ ಹೆಸರಿನಡಿ ಬಂದವು, 2006ರಲ್ಲಿ ಐಎಸ್‌ಒ ಕೂಡ ಜೆನ್ 2ನ್ನು ತನ್ನದೇ ಸಂಖ್ಯೆ ಕೊಟ್ಟು ಒಪ್ಪಿತು.

ಇಷ್ಟೆಲ್ಲ ಆದ ಮೇಲೆ ವಾಲ್‌ಮಾರ್ಟಿನ ಅಪ್ಪಣೆ ಸೋತಿತು ಎಂಬುದು ಈ ಕಥೆಯ ವ್ಯಂಗ್ಯ. ಅರ್ಕಾನ್ಸಾಸ್ ವಿಶ್ವವಿದ್ಯಾಲಯದ ಅಧ್ಯಯನ ಟ್ಯಾಗ್ ಇರುವ ಅಂಗಡಿಗಳಲ್ಲಿ ಸರಕು ಖಾಲಿಯಾಗುವುದು 16 ಶೇಕಡಾ ಇಳಿದಿದೆ ಎಂದಿತು. ನಿಜವಿರಬಹುದು. ಆದರೆ ಟ್ಯಾಗಿನ ಖರ್ಚು ಪೂರೈಕೆದಾರನದು, ಲಾಭ ಅಂಗಡಿಯದು. ಅನೇಕರು ಲಾರಿ ಹೊರಡುವ ಮುನ್ನ ಕಾಟಾಚಾರಕ್ಕೆ ಚೀಟಿ ಅಂಟಿಸಿ ಕಳಿಸಿದರು, ತಮ್ಮ ಕೆಲಸಕ್ಕೆ ಅದನ್ನು ಬಳಸಿಕೊಳ್ಳಲಿಲ್ಲ. ಶಾಂಪೂವಿನ ನೀರು ಅಲೆಯನ್ನು ನುಂಗುತ್ತಿತ್ತು, ಡಬ್ಬಿಯ ತಗಡು ಅದನ್ನು ತಿರುಗಿಸುತ್ತಿತ್ತು. ದಶಕ ಮುಗಿಯುವಷ್ಟರಲ್ಲಿ ಒತ್ತಾಯ ಸಡಿಲವಾಯಿತು. ದಿನಸಿಗೆಂದು ಹುಟ್ಟಿದ ಒಡಂಬಡಿಕೆ ಬಾಳಿ ಬದುಕಿದ್ದು ಬಟ್ಟೆಯಲ್ಲಿ. ಬಟ್ಟೆಗೆ ನೀರಿಲ್ಲ, ತಗಡಿಲ್ಲ. ಒಂದೇ ಪ್ಯಾಂಟಿಗೆ ಹತ್ತಾರು ಸೊಂಟದಳತೆ, ನಾಲ್ಕಾರು ಬಣ್ಣ. ಯಾವುದು ಕಪಾಟಿನಲ್ಲಿದೆ, ಯಾವುದು ಒಳಕೋಣೆಯಲ್ಲಿದೆ ಎಂದು ಎಣಿಸುವುದೇ ದೊಡ್ಡ ಕೆಲಸ. 2010ರಲ್ಲಿ ವಾಲ್‌ಮಾರ್ಟ್ ಜೀನ್ಸ್ ಮತ್ತು ಒಳಉಡುಪುಗಳಿಗೆ ಟ್ಯಾಗ್ ಹಾಕಿಸಿತು, 2014ರಲ್ಲಿ ಜಾರಾ ಬ್ರ್ಯಾಂಡಿನ ಒಡೆತನದ ಇಂಡಿಟೆಕ್ಸ್ ಆ ದಾರಿ ಹಿಡಿಯಿತು. ನನ್ನ ಶರ್ಟಿನ ಚೀಟಿ ಈ ವಂಶದ್ದು.

ನಮ್ಮ ದೇಶಕ್ಕೆ ಇದೇ ಒಡಂಬಡಿಕೆ ದೊಡ್ಡದಾಗಿ ಬಂದದ್ದು ಅಂಗಡಿಯಿಂದಲ್ಲ, ಹೆದ್ದಾರಿಯಿಂದ. 2005ರಲ್ಲಿ ಭಾರತ 865ರಿಂದ 867 ಮೆಗಾಹರ್ಟ್ಸ್‌ನ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿತ್ತು. 2010ರಲ್ಲಿ ಬೆಂಗಳೂರಿನ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯ ಸಮಿತಿ, ಟೋಲ್ ವಸೂಲಿಗೆ ಬ್ಯಾಟರಿಯಿಲ್ಲದ, ಜೆನ್ 2 ಮಾನದಂಡದ ಟ್ಯಾಗ್ ಸಾಕು ಎಂದು ಶಿಫಾರಸು ಮಾಡಿತು. ಅದೇ ಫಾಸ್ಟ್ಯಾಗ್. ಟೋಲ್ ನಡೆಸುವ ಗುತ್ತಿಗೆದಾರರು ಅನೇಕ, ಟ್ಯಾಗ್ ಕೊಡುವ ಬ್ಯಾಂಕುಗಳು ಅನೇಕ, ಗಾಡಿ ಮಾತ್ರ ಎಲ್ಲರ ರಸ್ತೆಯಲ್ಲೂ ಓಡಬೇಕು. ಅಮೆರಿಕದ ವ್ಯಾಗನ್ನಿನ ಸಮಸ್ಯೆಯೇ ಇದು. ಗಾಜಿನ ಮೇಲಿನ ಚೀಟಿಯಲ್ಲಿ ದುಡ್ಡಿಲ್ಲ, ಸಂಖ್ಯೆ ಮಾತ್ರ. ದುಡ್ಡು ಬ್ಯಾಂಕಿನ ಖಾತೆಯಲ್ಲಿ. ಎಂಐಟಿಯವರು ಸಾಬೂನಿನ ಪೆಟ್ಟಿಗೆಗೆಂದು ಮಾಡಿದ ನಿರ್ಧಾರ ನೆಲಮಂಗಲದ ಟೋಲಿನಲ್ಲಿ ದಿನವೂ ಜಾರಿಯಾಗುತ್ತಿದೆ. 2021ರ ಫೆಬ್ರವರಿ ನಡುವಿನಿಂದ ಅದು ಕಡ್ಡಾಯವಾಯಿತು, ಇಲ್ಲದವರಿಗೆ ಎರಡು ಪಟ್ಟು ಶುಲ್ಕ ಎಂದಾಯಿತು. ಕ್ಯೂ ಕರಗಿದ್ದು ನಿಜ. ಆ ಚೀಟಿ ಯಾವ ಗಾಡಿ ಯಾವ ಗಳಿಗೆಗೆ ಎಲ್ಲಿ ದಾಟಿತು ಎಂದು ಖಾತೆಯಲ್ಲಿ ಬರೆಸುತ್ತಾ ಹೋಗುವುದೂ ನಿಜ. ಬೆನೆಟನ್ ಶರ್ಟಿನ ಬಗ್ಗೆ ಅಲ್ಲಿ ಬಹಿಷ್ಕಾರವಾಯಿತು. ಇಲ್ಲಿ ನಾವು ಮಾತಾಡಿದ್ದು ಬಹುಪಾಲು ರೀಚಾರ್ಜಿನ ಬಗ್ಗೆ.

ಕತ್ತರಿಸಿದ ಚೀಟಿಯನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ನನ್ನ ಫೋನಿಗೆ ಅದು ಓಗೊಡುವುದಿಲ್ಲ, ಫೋನಿನ ಎನ್‌ಎಫ್‌ಸಿ ಬೇರೆ ತರಂಗದ್ದು. ಹಾಗಾಗಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಸಂಶೋಧನೆ ಮಾಡುವ ಗೆಳೆಯನ ಪ್ರಯೋಗಾಲಯಕ್ಕೆ ಹೋದೆ. ರೀಡರ್ ಎದುರು ಹಿಡಿದ ಕೂಡಲೇ ಪರದೆಯ ಮೇಲೆ 24 ಅಕ್ಷರಾಂಕಿಗಳ ಸಂಖ್ಯೆ ಬಂತು. ಶರ್ಟಿಗೆ ದುಡ್ಡು ಕೊಟ್ಟು ಆರು ತಿಂಗಳಾಗಿತ್ತು. ಚಿಪ್ಪಿಗೆ ತಾನು ಮಾರಾಟವಾದದ್ದು ಗೊತ್ತಿಲ್ಲ, ಅದು ಅಂಗಡಿಯ ಖಾತೆಗೆ ಮಾತ್ರ ಗೊತ್ತು.

“ಕಿಲ್ ಕೊಟ್ಟು ನೋಡೋಣ,” ಅಂದೆ.

“ಪಾಸ್‌ವರ್ಡ್ ಏನಂತ ಕೊಡ್ತೀಯಾ?”

ಅವನು ಅದನ್ನು ಓದಿ ನೋಡಿದ. ಎಲ್ಲವೂ ಸೊನ್ನೆ. ಯಾರೂ ಬರೆದೇ ಇರಲಿಲ್ಲ. ಸೊನ್ನೆಯನ್ನೇ ಕೊಟ್ಟು ಕಿಲ್ ಕಳಿಸಿದ. ತಪ್ಪು ಎಂಬ ಸಂಕೇತ ಬಂತು. ಮಾನದಂಡದಲ್ಲೇ ಬರೆದಿದೆಯಂತೆ: ಗುಪ್ತಸಂಖ್ಯೆ ಸೊನ್ನೆಯಾಗಿದ್ದರೆ ಚೀಟಿ ಈ ಆದೇಶವನ್ನು ನಡೆಸಕೂಡದು. ಬರೆಯುವ ಅವಕಾಶ ಟ್ಯಾಗ್ ಹಾಕಿದವರಿಗಿತ್ತು, ಅವರಿಗೆ ಅದರ ಅಗತ್ಯ ಕಾಣಲಿಲ್ಲ.

ಗೆಳೆಯ ಮತ್ತೊಮ್ಮೆ ಕೂಗಿಸಿದ. ಚೀಟಿ ಮತ್ತೆ ಅದೇ ಹೆಸರು ಹೇಳಿತು. ಆಮೇಲೆ ಅವನ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಚುಕ್ಕೆಗೂ ಗೆರೆಗೂ ಸೇರುವ ಕಡೆ ಸರಿಯಾಗಿ ಕತ್ತರಿಸಿದೆ.